ಅಭಿವ್ಯಕ್ತಿವಾದಿ ತೈಲಚಿತ್ರದಲ್ಲಿ ಸಂಕೇತ ಮತ್ತು ಅಧ್ಯಾತ್ಮ: ಫ್ರಾಂಜ್ ಮಾರ್ಕನ ‘ಪ್ರಾಣಿಗಳ ವಿಧಿ’

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಅಭಿವ್ಯಕ್ತಿವಾದವನ್ನು ಸಾಮಾನ್ಯವಾಗಿ ಕಲಾವಿದನ ಅಂತರಂಗದ ತಳಮಳದ ಪ್ರಕಟಣೆಯೆಂದು ವಿವರಿಸಲಾಗುತ್ತದೆ. 1911ರಲ್ಲಿ ಮ್ಯೂನಿಕ್‌ನಲ್ಲಿ ಕಾಂಡಿನ್‌ಸ್ಕಿ ಹಾಗೂ ಫ್ರಾಂಜ್ ಮಾರ್ಕ್ (1880-1916) ಕಟ್ಟಿದ ‘ನೀಲಿ ಸವಾರ’ ಬಳಗದ ಮಟ್ಟಿಗೆ ಈ ವಿವರಣೆ ಸಾಲದು. ಈ ಬಳಗಕ್ಕೆ ಬಣ್ಣವು ಭಾವದ ವಾಹಕವಷ್ಟೇ ಅಲ್ಲ, ಅಧ್ಯಾತ್ಮದ ಭಾಷೆಯೂ ಆಗಿತ್ತು. ಆ ಭಾಷೆಯನ್ನು ನಿಘಂಟಿನಂತೆ ಓದಬಹುದೇ ಎಂಬುದೇ ಇಲ್ಲಿನ ಪ್ರಶ್ನೆ.

ಅಂತಹ ನಿಘಂಟನ್ನು ಒದಗಿಸಿದವನು ಸ್ವತಃ ಮಾರ್ಕನೇ. 1910ರ ಡಿಸೆಂಬರಿನಲ್ಲಿ ಗೆಳೆಯ ಆಗಸ್ಟ್ ಮಾಕೆಗೆ ಬರೆದ ಪತ್ರದಲ್ಲಿ ನೀಲಿಯನ್ನು ಪುರುಷತತ್ತ್ವಕ್ಕೂ ಅಧ್ಯಾತ್ಮಕ್ಕೂ, ಹಳದಿಯನ್ನು ಸೌಮ್ಯವಾದ ಸ್ತ್ರೀತತ್ತ್ವಕ್ಕೂ, ಕೆಂಪನ್ನು ಒರಟಾದ ಜಡದ್ರವ್ಯಕ್ಕೂ ಆತ ಸಂಬಂಧಿಸುತ್ತಾನೆ. ಭರತನ ನಾಟ್ಯಶಾಸ್ತ್ರವಾದರೋ ಬೀಭತ್ಸಕ್ಕೆ ನೀಲಿಯನ್ನೂ ಅದ್ಭುತಕ್ಕೆ ಹಳದಿಯನ್ನೂ ರೌದ್ರಕ್ಕೆ ಕೆಂಪನ್ನೂ ಹೇಳುತ್ತದೆ. ಒಂದೆಡೆ ಜುಗುಪ್ಸೆಯನ್ನು ಸೂಚಿಸುವ ಬಣ್ಣವೇ ಇನ್ನೊಂದೆಡೆ ಆತ್ಮವನ್ನು ಸೂಚಿಸುತ್ತದೆ. ಆದ್ದರಿಂದ ಸಂಕೇತಾರ್ಥವು ಬಣ್ಣದ ಸಹಜಗುಣವಲ್ಲ. ಅದು ಆಯಾ ಪರಂಪರೆ ಕಟ್ಟಿಕೊಂಡದ್ದು.

ಒಬ್ಬನೇ ಕಲಾವಿದನಲ್ಲಿಯೂ ಈ ಅರ್ಥ ಸ್ಥಿರವಾಗಿರುವುದಿಲ್ಲ. 1911ರ ‘ದೊಡ್ಡ ನೀಲಿ ಕುದುರೆಗಳು’ ಚಿತ್ರದಲ್ಲಿ ಬಾಗಿದ ಕತ್ತುಗಳು ಹಿನ್ನೆಲೆಯ ಗುಡ್ಡಗಳ ವಕ್ರರೇಖೆಗಳೊಡನೆ ಒಂದಾಗುತ್ತವೆ. ನೀಲಿ ಅಲ್ಲಿ ಶಾಂತಿ. 1913ರ ‘ಪ್ರಾಣಿಗಳ ವಿಧಿ’ಯಲ್ಲಿ ಉರುಳುವ ಮರದ ಕೆಳಗೆ ಕೊರಳನ್ನು ಮೇಲೆತ್ತಿ ನಿಂತ ಜಿಂಕೆಯೂ ನೀಲಿಯೇ. ಆದರೆ ಓರೆಯಾದ ಚೂಪು ರೇಖೆಗಳೂ ಕೆಂಪು ಸೀಳುಗಳೂ ಕಾಡನ್ನು ಕತ್ತರಿಸುವ ಈ ಸಂದರ್ಭದಲ್ಲಿ ಆ ನೀಲಿ ಬಲಿಯ ಬಣ್ಣವಾಗುತ್ತದೆ. ಅರ್ಥವನ್ನು ನಿರ್ಣಯಿಸುವುದು ಪತ್ರದ ಸೂತ್ರವಲ್ಲ. ಭಂಗಿ, ರೇಖೆ ಮತ್ತು ನೆರೆಯ ಬಣ್ಣಗಳ ಸಂಬಂಧ.

ಯುದ್ಧವು ಯೂರೋಪನ್ನು ಶುದ್ಧೀಕರಿಸೀತೆಂದು ನಂಬಿ 1914ರಲ್ಲಿ ಸೇನೆ ಸೇರಿದ ಮಾರ್ಕ್, 1915ರಲ್ಲಿ ರಣರಂಗದಲ್ಲಿ ಈ ಚಿತ್ರದ ಮುದ್ರಿತ ಪ್ರತಿಯನ್ನು ಕಂಡು, ಇದು ಯುದ್ಧದ ಮುನ್ಸೂಚನೆಯಂತಿದೆಯೆಂದು ಪತ್ನಿಗೆ ಬರೆದನು. 1916ರ ಮಾರ್ಚ್ 4ರಂದು ವೆರ್ಡನ್ ಬಳಿ ಹತನಾದನು. ಬಳಿಕ ಚಿತ್ರದ ಬಲಭಾಗ ಬೆಂಕಿಗೆ ಆಹುತಿಯಾಯಿತು. ಗೆಳೆಯ ಪಾಲ್ ಕ್ಲೀ ಅದನ್ನು ಪುನಃ ರಚಿಸಿದರೂ ಮೂಲದ ಹೊಳಪನ್ನು ಅನುಕರಿಸದೆ ಮಂಕು ಕಂದುಬಣ್ಣವನ್ನು ಉಳಿಸಿದನು. ನಾಜಿ ಆಡಳಿತವು 1937ರಲ್ಲಿ ‘ಅವನತ ಕಲೆ’ಯೆಂದು ಹೊರಹಾಕಿದ ಈ ಕೃತಿ ಇಂದು ಬಾಸೆಲ್‌ನ ಕಲಾಸಂಗ್ರಹಾಲಯದಲ್ಲಿದೆ.

ಆ ಕಂದು ಭಾಗ ಮಾರ್ಕನ ವರ್ಣಸೂತ್ರಕ್ಕೆ ಹೊರಗಿನದು. ಆದರೂ ಇಂದಿನ ನೋಡುಗನಿಗೆ ಅದು ಚಿತ್ರದ ಅರ್ಥದಿಂದ ಬೇರೆಯಲ್ಲ. ಹೀಗೆ ಅಭಿವ್ಯಕ್ತಿವಾದಿ ಅಧ್ಯಾತ್ಮವು ಲೋಕದಿಂದ ಬಿಡುಗಡೆಯಲ್ಲ, ಲೋಕದ ನೋವಿಗೆ ತೆರೆದುಕೊಳ್ಳುವ ಬಗೆ. ಕಾವ್ಯಪ್ರತಿಮೆಗಳನ್ನು ಸಿದ್ಧ ಅರ್ಥಗಳ ಪಟ್ಟಿಯಿಂದ ಬಿಡಿಸುವ ವಿಮರ್ಶೆಗೂ ಈ ಚಿತ್ರ ಒಂದು ಎಚ್ಚರಿಕೆ.