ಗಾಡಿಯ ಗಾದಿ

ವಿಜಯಪುರದ ಜಲನಗರದಿಂದ ತಿಕೋಟಾ, ಬಬಲೇಶ್ವರಗಳ ಕಡೆಗೆ ಸಾಗುವ ಮೋಟಾರು ಸೈಕಲ್ಲುಗಳನ್ನು ಗಮನಿಸಿದರೆ ಆ ಸೀಮೆಯ ಬಾಳುವೆಯ ಚಿತ್ರವೇ ಕಣ್ಣಿಗೆ ಕಟ್ಟುತ್ತದೆ. ದ್ರಾಕ್ಷಿ ತೋಟಕ್ಕೆ ಹೊರಟ ರೈತ, ಎರಡೂ ಬದಿಗೆ ಹಾಲಿನ ಕ್ಯಾನು ಇಳಿಬಿಟ್ಟ ಯುವಕ, ಒಂದೇ ಪಕ್ಕಕ್ಕೆ ಕಾಲು ಚಾಚಿ ಮಗನ ಹಿಂದೆ ಕುಳಿತ ತಾಯಿ. ಇವರೆಲ್ಲರನ್ನೂ ಹೊತ್ತೊಯ್ಯುವುದು ಎಂಜಿನ್ನು ಎಂದು ಹೇಳುವುದು ರೂಢಿ. ಆದರೆ ಮೈಗೆ ತಾಗಿ ಅವರ ಭಾರವನ್ನು ತಾಳಿಕೊಳ್ಳುವುದು ಸೀಟು. ದಾರಿಯ ಪ್ರತಿಯೊಂದು ಕುಳಿಯ ಪೆಟ್ಟೂ ಮೊದಲು ಅದಕ್ಕೆ, ಅನಂತರ ಬೆನ್ನೆಲುಬಿಗೆ.

1885ರಲ್ಲಿ ಜರ್ಮನಿಯ ಡೈಮ್ಲರ್ ಮತ್ತು ಮೇಬ್ಯಾಕ್ ಎಂಬುವರು ಪೆಟ್ರೋಲಿನಿಂದ ಓಡುವ ಮೊದಲ ಮೋಟಾರು ಸೈಕಲ್ಲನ್ನು ನಿರ್ಮಿಸಿದಾಗ, ಮರದ ಚೌಕಟ್ಟಿನ ಮೇಲೆ ಕುದುರೆಯ ಜೀನಿನಂತಹ ಚರ್ಮದ ಆಸನವನ್ನು ಕೂರಿಸಿದ್ದರು. ಎಂಜಿನ್ನು ಅದರ ನೇರ ಕೆಳಗೇ ಇದ್ದುದರಿಂದ, ಮೊದಲ ಸವಾರಿಯಲ್ಲೇ ಆಸನಕ್ಕೆ ಬೆಂಕಿ ತಗಲಿತೆಂಬ ಮಾತು ಪ್ರಚಾರದಲ್ಲಿದೆ. ಅಂದಿನಿಂದ ಆಸನವು ಬಹಳ ದೂರ ನಡೆದುಬಂದಿದೆ. 1937ರಲ್ಲಿ ಆಟೋ ಬೇಯರ್ ಎಂಬ ರಸಾಯನ ವಿಜ್ಞಾನಿ ಕಂಡುಹಿಡಿದ ಪಾಲಿಯುರಿಥೇನ್ ಮುಂದೆ ಹಗುರವಾದ ಫೋಮಿನ ರೂಪ ತಾಳಿ, ಕೂದಲು ನಾರುಗಳ ತುಂಬುವಿಕೆಯನ್ನು ಬದಿಗೆ ಸರಿಸಿತು. ಇಂಗ್ಲೆಂಡಿನ ಒಂದು ಕಂಪನಿಯ ಮುದ್ರೆಯ ಹೆಸರಾದ ‘ರೆಕ್ಸಿನ್’ ಎಂಬುದು ನಮ್ಮ ದೇಶದಲ್ಲಿ ಪ್ಲಾಸ್ಟಿಕ್ ಲೇಪಿಸಿದ ಎಲ್ಲ ಬಟ್ಟೆಗೂ ಅಂಟಿಕೊಂಡಿತು.

ಕನ್ನಡ ನಾಡಿಗೂ ಈ ವಾಹನಕ್ಕೂ ನಂಟು ಹಳೆಯದು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಗಾಡಿಗಳು ಹೊರಬರತೊಡಗಿದವು. ಮುಂದೆ ಅವು ಯೆಜ್ಡಿ ಎಂಬ ಹೆಸರನ್ನು ತಾಳಿದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಾರ್ಖಾನೆ ಮುಚ್ಚಿದರೂ ಗಾಡಿಗಳು ಉಳಿದವು. ಅಂತಹ ಹಳೆಯ ಗಾಡಿಯ ಒಡೆಯನಿಗೆ ಮೂಲದ ಸೀಟು ಸಿಕ್ಕುವುದು ಕಷ್ಟ. ಇನ್ನು ಕೆಲವರಿಗೆ ತಮ್ಮ ಎತ್ತರಕ್ಕೆ, ತಮ್ಮ ಬೆನ್ನುನೋವಿಗೆ ಹೊಂದುವ ಸೀಟೇ ಬೇಕು. ಇವರೆಲ್ಲ ಸೀಟು ಕಟ್ಟುವ ಕುಶಲಕರ್ಮಿಯ ಬಾಗಿಲಿಗೆ ಬರುತ್ತಾರೆ.

ಬಂದವರ ಮೊದಲ ಬೇಡಿಕೆ ಸಾಮಾನ್ಯವಾಗಿ ಒಂದೇ: “ಕಾಕಾ, ಮ್ಯಾಲಿನ ರೆಕ್ಸಿನ್ ಅಷ್ಟ ಬದಲ ಮಾಡ್ರಿ, ಒಳಗಿಂದು ಹಂಗ ಇರ್ಲಿ.” ಅನುಭವಸ್ಥನು ಹೆಬ್ಬೆರಳಿನಿಂದ ಸೀಟನ್ನು ಒತ್ತಿ ನೋಡುತ್ತಾನೆ. “ಒಳಗ ನೀರ ನಿಂತೈತಿ ತಮ್ಮಾ. ಹಂಗ ಹಾಕಿದ್ರ ಮುಂದಿನ ಮಳಿಗಾಲಕ್ಕ ಮತ್ತ ಬರ್ತಿ.”

ಈ ಮಾತಿನಲ್ಲಿ ತಥ್ಯವಿದೆ. ವಿಜಯಪುರದ ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ಬಿಸಿಲಿಗೆ ನಿಂತ ಕಪ್ಪು ಸೀಟು ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ರೆಕ್ಸಿನ್ನಿನ ಪ್ಲಾಸ್ಟಿಕ್ ಪದರವನ್ನು ಮೆತ್ತಗೆ ಇಡಲು ಅದರಲ್ಲಿ ಎಣ್ಣೆಯಂತಹ ದ್ರವವೊಂದನ್ನು ಬೆರೆಸಿರುತ್ತಾರೆ. ಕಾವಿಗೆ ಆ ದ್ರವವು ಮೆಲ್ಲಮೆಲ್ಲನೆ ಹೊರಟುಹೋಗಿ ಪದರವು ಪೆಡಸಾಗುತ್ತದೆ, ಬಿರಿಯುತ್ತದೆ. ಬಿರುಕಿನಿಂದ ಇಳಿದ ಮಳೆಯ ನೀರನ್ನು ಫೋಮು ಸ್ಪಂಜಿನಂತೆ ಹೀರಿ ಹಿಡಿದುಕೊಳ್ಳುತ್ತದೆ. ಅದರಡಿಯ ತಗಡು ತುಕ್ಕು ತಿನ್ನುತ್ತದೆ. ಕೊನೆಗೊಂದು ದಿನ ಸೀಟನ್ನು ಹಿಡಿದಿರುವ ಕೊಂಡಿಯೇ ಕಳಚಬಹುದು. ಹಿಂದೆ ಕುಳಿತವರ ಜೀವದ ಪ್ರಶ್ನೆ ಬರುವುದು ಇಲ್ಲಿ. 1988ರ ಮೋಟಾರು ವಾಹನ ಕಾಯ್ದೆಯ 128ನೆಯ ಕಲಮು ಹಿಂಬದಿಯ ಸವಾರನು ಒಬ್ಬನೇ ಇರಬೇಕೆಂದೂ, ಅವನ ಆಸನವು ಗಾಡಿಗೆ ಭದ್ರವಾಗಿ ಜೋಡಿಸಿದ್ದಾಗಿರಬೇಕೆಂದೂ ವಿಧಿಸಿರುವುದು ಸುಮ್ಮನೆ ಅಲ್ಲ.

ಆದುದರಿಂದ ಕೆಲಸ ಆರಂಭವಾಗುವುದು ತಳದಿಂದ. ಹಳೆಯ ಹೊದಿಕೆಯನ್ನು ಹರಿಯದೆ ಬಿಚ್ಚಬೇಕು. ಹೊಸದನ್ನು ಕತ್ತರಿಸುವಾಗ ಅದೇ ಅಳತೆಗೆ ಆಧಾರ. ತಗಡಿನ ತುಕ್ಕನ್ನು ಉಜ್ಜಿ ತೆಗೆದು ಬಣ್ಣ ಬಳಿಯಬೇಕು. ಫೋಮು ಕುಸಿದಿದ್ದರೆ ಹೊಸದನ್ನು ಪದರ ಪದರವಾಗಿ ಕೂಡಿಸಬೇಕು. ಕೆಳಗೆ ಗಟ್ಟಿಯಾದ ಫೋಮು, ಮೇಲೆ ತೆಳುವಾದ ಮೆತ್ತನೆಯದು. ಬರೀ ಮೆತ್ತನೆಯದನ್ನೇ ತುಂಬಿದ ಸೀಟು ಅಂಗಡಿಯಲ್ಲಿ ಹಿತವೆನಿಸುತ್ತದೆ. ಹತ್ತು ಮೈಲಿ ಹೋಗುವಷ್ಟರಲ್ಲಿ ಅಡಿಯ ತಗಡು ತಾಗತೊಡಗುತ್ತದೆ. ಪದರಗಳನ್ನು ಕೂಡಿಸುವ ಅಂಟನ್ನು ಎರಡೂ ಮುಖಗಳಿಗೆ ಸವರಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಬೇಕು. ಹಸಿಯಿರುವಾಗಲೇ ಒತ್ತಿದರೆ ಒಳಗಿನ ಆವಿ ಹೊರಬರಲಾರದೆ ಬೆಸುಗೆ ಸಡಿಲವಾಗುತ್ತದೆ. ಆತುರಗಾರರು ಕೆಡುವುದು ಇಲ್ಲಿಯೇ.

ಅನಂತರದ್ದು ಕತ್ತರಿಸುವ ಕೆಲಸ. ಈ ಕೆಲಸದ ನಿಜವಾದ ತೊಡಕನ್ನು ತಿಳಿಯಲು ವಿಜಯಪುರದವರು ದೂರ ಹೋಗಬೇಕಾಗಿಲ್ಲ. 1656ರ ಸುಮಾರಿಗೆ ಮುಗಿದ ಗೋಲಗುಮ್ಮಟದ, ಸುಮಾರು 44 ಮೀಟರ್ ಅಡ್ಡಳತೆಯ ಗುಮ್ಮಟವನ್ನು ನೋಡಿ, ಅದಕ್ಕೆ ಒಂದೇ ಬಟ್ಟೆಯನ್ನು ಸುಕ್ಕಿಲ್ಲದೆ ಹೊದಿಸಲು ಸಾಧ್ಯವೇ ಎಂದು ಯೋಚಿಸಿದರೆ ಸಾಕು. ಸಾಧ್ಯವಿಲ್ಲ. ಹಿಗ್ಗದ ಚಪ್ಪಟೆ ಹಾಳೆಯು ಗೋಳದ ಮೇಲೆ ಸುಕ್ಕುಗಟ್ಟದೆ, ಹರಿಯದೆ ಕೂರಲಾರದೆಂಬುದು ಗಾಸ್ ಎಂಬ ಗಣಿತಜ್ಞನು 1827ರಲ್ಲಿ ಸಿದ್ಧಪಡಿಸಿದ ಪ್ರಮೇಯದಿಂದ ಹೊರಡುವ ಮಾತು. ಕಿತ್ತಳೆಗೆ ಕಾಗದ ಸುತ್ತಿ ಇದನ್ನು ಪರೀಕ್ಷಿಸಬಹುದು. ಸೀಟು ಕಟ್ಟುವವನು ಪ್ರಮೇಯವನ್ನು ಓದಿರಲಿಕ್ಕಿಲ್ಲ, ಅವನ ಕತ್ತರಿಗೆ ಅದು ಗೊತ್ತು. ಮೇಲ್ಮೈಗೆ ಒಂದು ತುಂಡು, ಪಕ್ಕಗಳಿಗೆ ಬೇರೆ ತುಂಡುಗಳು. ಬಾಗು ತೀವ್ರವಾಗುವ ಅಂಚಿನಲ್ಲೇ ಹೊಲಿಗೆ. ಪ್ರತಿ ತುಂಡಿನ ನಡುವೆ ಬಳಪದ ಗೆರೆ. ಹೊದಿಕೆಯನ್ನು ಫೋಮಿಗಿಂತ ತುಸು ಚಿಕ್ಕದಾಗಿಯೇ ಹೊಲಿಯುವುದರಿಂದ ಅದು ಫೋಮನ್ನು ಅಮುಕಿ ಬಿಗಿಯಾಗಿ ನಿಲ್ಲುತ್ತದೆ. ಹೊಲಿಗೆಗೆ ಹತ್ತಿಯ ದಾರ ಸಲ್ಲದು. ಅದು ನೆನೆದು ಕೊಳೆಯುತ್ತದೆ. ಪಾಲಿಯೆಸ್ಟರ್ ಇಲ್ಲವೆ ನೈಲಾನ್ ದಾರ ಬೇಕು. ಟಾಕುಗಳು ತೀರ ಒತ್ತೊತ್ತಾಗಿಯೂ ಇರಬಾರದು. ಒತ್ತಾದ ರಂಧ್ರಗಳ ಸಾಲು ಅಂಚೆಚೀಟಿಯ ಅಂಚಿನಂತೆ ಹರಿಯಲು ದಾರಿಮಾಡಿಕೊಡುತ್ತದೆ.

ಚರ್ಮವನ್ನೇ ಬಳಸಬಾರದೇಕೆ ಎಂದು ಕೇಳಬಹುದು. ಚರ್ಮದ ಕೈಗಸುಬು ಈ ಭಾಗಕ್ಕೆ ಹೊಸದಲ್ಲ; ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕೊಲ್ಹಾಪುರಿ ಚಪ್ಪಲಿಯ ಸೀಮೆಯಲ್ಲಿ ವಿಜಯಪುರ ಜಿಲ್ಲೆಯೂ ಸೇರಿದೆ. ಆದರೆ ಚಪ್ಪಲಿಯನ್ನು ಮನೆಯೊಳಗೆ ಇಡುತ್ತಾರೆ, ಗಾಡಿಯನ್ನು ಬಯಲಲ್ಲಿ ನಿಲ್ಲಿಸುತ್ತಾರೆ.

ಹೊದಿಸುವ ಮೊದಲು ರೆಕ್ಸಿನ್ನನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಹರಡುವುದುಂಟು. ಬೇರೆ ಊರಿನವರು ಬಿಸಿಗಾಳಿಯ ಯಂತ್ರದಿಂದ ಮಾಡುವುದನ್ನು ಇಲ್ಲಿ ಸೂರ್ಯನು ಬಿಟ್ಟಿಯಾಗಿ ಮಾಡಿಕೊಡುತ್ತಾನೆ. ಫೋಮಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಸಿದರೆ ಹೊಲಿಗೆಯಿಂದ ಜಿನುಗುವ ನೀರು ತಡೆಯುತ್ತದೆ. ಆಮೇಲೆ ಹೊದಿಕೆಯನ್ನು ತೊಡಿಸಿ ನಡುಗೆರೆಗಳನ್ನು ಹೊಂದಿಸಬೇಕು. ಮೊದಲು ಮೂತಿಯ ನಡುವೆ ಒಂದು ಹಿಡಿತ; ಅನಂತರ ಹಿಂಬದಿಗೆ ಎಳೆದು ಅಲ್ಲೊಂದು; ಬಳಿಕ ಎಡಕ್ಕೊಂದು, ಬಲಕ್ಕೊಂದು. ಹೀಗೆ ನಡುವಿನಿಂದ ಮೂಲೆಗಳ ಕಡೆಗೆ ಪಾಳಿಯಂತೆ ಸಾಗಬೇಕು. ಒಂದೇ ಬದಿಯನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಕೈಹಾಕಿದವನ ಸೀಟಿನಲ್ಲಿ ಹೊಲಿಗೆ ಹಾವಿನಂತೆ ಓಡುತ್ತದೆ. ಹಳೆಯ ತಗಡಿನ ತಳಗಳಲ್ಲಿ ಅಂಚಿಗೆ ಹಲ್ಲುಗಳಿರುತ್ತವೆ; ರೆಕ್ಸಿನ್ನನ್ನು ಅವಕ್ಕೆ ಸಿಕ್ಕಿಸಿ ಬಾಗಿಸುತ್ತಾರೆ. ಈಚಿನ ಪ್ಲಾಸ್ಟಿಕ್ ತಳಕ್ಕೆ ಸ್ಟೇಪಲ್ ಪಿನ್ನು. ಪಿನ್ನಿನ ಕಾಲು ತಳದ ದಪ್ಪಕ್ಕಿಂತ ಉದ್ದವಾಗಿದ್ದರೆ ಅದು ಫೋಮನ್ನು ಚುಚ್ಚಿ ಮೇಲೇಳುತ್ತದೆ. ಮೂಲೆಗಳಲ್ಲಿ ಉಳಿಯುವ ಬಟ್ಟೆಯನ್ನು ಒಂದು ದೊಡ್ಡ ಮಡಿಕೆಯಾಗಿಸದೆ ಅನೇಕ ಸಣ್ಣ ನಿರಿಗೆಗಳಾಗಿ ಹಂಚಿ ತಳದ ಕೆಳಗೆ ಅಡಗಿಸುವುದು ನೇಯ್ದ ಕೈಯ ಗುರುತು.

ತಗ್ಗಾದ ಸೀಟಿನ ಕಷ್ಟವೇ ಬೇರೆ. ಸವಾರನ ಜಾಗ ತಗ್ಗಾಗಿ ಹಿಂದಿನದು ಎತ್ತರವಾಗಿದ್ದರೆ, ಎಳೆದ ಹೊದಿಕೆ ತಗ್ಗಿನ ಮೇಲೆ ಡೇರೆಯಂತೆ ಎದ್ದು ನಿಲ್ಲುತ್ತದೆ. ಎಷ್ಟು ಎಳೆದರೆ ಅಷ್ಟು ಹೆಚ್ಚು. ಆ ಎಡೆಯಲ್ಲಿ ಅಡ್ಡ ಹೊಲಿಗೆ ಹಾಕಿ, ಅದಕ್ಕೊಂದು ಪಟ್ಟಿ ಕೂಡಿಸಿ, ಫೋಮಿನ ಸೀಳಿನ ಮೂಲಕ ಕೆಳಗೆಳೆದು ತಳಕ್ಕೆ ಬಿಗಿಯುವುದೇ ಅದಕ್ಕೆ ಉಪಾಯ.

ಹಿಂಬದಿಯವರು ಹಿಡಿದುಕೊಳ್ಳುವ ಪಟ್ಟಿಯ ಬೋಲ್ಟುಗಳಿಗೆ ತೂತು ಕೊರೆಯುವುದು ಎಲ್ಲಕ್ಕಿಂತ ಕಡೆಗೆ. ಮೊದಲೇ ಕೊರೆದರೆ ಎಳೆತಕ್ಕೆ ತೂತು ಜಾಗ ಬಿಟ್ಟು ಸರಿದಿರುತ್ತದೆ. ಸೀಟನ್ನು ಗಾಡಿಗೆ ಕೂರಿಸಿ, ಕೊಂಡಿ ಬಿದ್ದ ಸದ್ದು ಕೇಳಿದ ಮೇಲೂ, ಕುಶಲಕರ್ಮಿ ಹಿಂಬದಿಗೆ ಕೈಹಾಕಿ ಬಲವಾಗಿ ಮೇಲಕ್ಕೆತ್ತಿ ನೋಡುತ್ತಾನೆ. ಅದು ಕದಲದಿದ್ದರೆ ಮಾತ್ರ ಕೀಲಿಯನ್ನು ಒಡೆಯನ ಕೈಗೆ ಕೊಡುತ್ತಾನೆ.