ಪುಟವೇಕೆ ಸರಿಯಲೊಲ್ಲದು?

ಪುಸ್ತಕದ ಹಾಳೆಯನ್ನು ಮಗುಚುವ ಅಧಿಕಾರ ಓದುಗನದು. ಬರೆದವನಾಗಲಿ ಅಚ್ಚು ಹಾಕಿದವನಾಗಲಿ ಅವನ ಬೆರಳನ್ನು ಹಿಡಿದು ನಿಲ್ಲಿಸಲಾರರು. ಈಗ ನಮ್ಮ ಅಭ್ಯಾಸದ ಬಹುಭಾಗವು ಗಣಕಯಂತ್ರದ ಪರದೆಯ ಮೇಲೆ ನಡೆಯುತ್ತಿದೆ. ಅಲ್ಲಿ ಹಾಳೆ ಮಗುಚುವ ಕೆಲಸವನ್ನು ಕೀಲಿಮಣೆಯ ಕೆಲವು ಕೀಲಿಗಳು ಮಾಡುತ್ತವೆ. ಕೆಳಬಾಣದ ಕೀಲಿಯನ್ನು ಒತ್ತಿದರೆ ಪುಟವು ಕೆಲವು ಸಾಲುಗಳಷ್ಟು ಸರಿಯುತ್ತದೆ. ಪೇಜ್ ಡೌನ್ ಅಥವಾ ಸ್ಪೇಸ್ ಕೀಲಿಯಿಂದ ಸುಮಾರು ಒಂದು ಪರದೆಯಷ್ಟು ಸರಿಯುತ್ತದೆ. ಎಂಡ್ ಕೀಲಿ ನೇರವಾಗಿ ಕೊನೆಗೆ ಒಯ್ಯುತ್ತದೆ. ಆದರೆ ಪುಟದ ನಡುವೆ ವೀಡಿಯೊ ಒಂದು ಹುದುಗಿದ್ದರೆ ಈ ಕೀಲಿಗಳು ಕೆಲವೊಮ್ಮೆ ತಮ್ಮ ಕೆಲಸವನ್ನೇ ಮರೆತಂತೆ ವರ್ತಿಸುವುದುಂಟು. ಸ್ಪೇಸ್ ಒತ್ತಿದರೆ ಪುಟ ಕದಲದೆ ವೀಡಿಯೊ ನಿಲ್ಲುತ್ತದೆ. ಕೆಳಬಾಣ ಒತ್ತಿದರೆ ಧ್ವನಿ ತಗ್ಗುತ್ತದೆ. ಇದಕ್ಕೆ ಕಾರಣವೇನು, ಪರಿಹಾರವೇನು ಎಂಬುದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೌಸ್ ಇರುವಾಗ ಕೀಲಿಯ ಗೊಡವೆ ಏಕೆಂದು ಕೆಲವರು ಕೇಳಬಹುದು. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಂದ ಬಂದ ನಮ್ಮಲ್ಲಿ ಒಬ್ಬ ಮಿತ್ರನಿಗೆ ಕಣ್ಣು ಕಾಣದು. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವು ಪರದೆಯ ಮೇಲಿರುವುದನ್ನು ಓದಿ ಹೇಳುತ್ತದೆ; ಅವನು ಕಿವಿಯಿಂದ ಓದುತ್ತಾನೆ. ಆಸ್ಟ್ರೇಲಿಯದ ಮೈಕೇಲ್ ಕರನ್ ಎಂಬ ದೃಷ್ಟಿಹೀನ ಯುವಕನೇ 2006ರಲ್ಲಿ ಇದನ್ನು ರಚಿಸಲು ಆರಂಭಿಸಿದನೆಂಬುದು ಇಲ್ಲಿ ಸ್ಮರಣೀಯ. ಮೌಸಿನ ಬಾಣ ಪರದೆಯಲ್ಲಿ ಎಲ್ಲಿದೆಯೆಂದು ನನ್ನ ಮಿತ್ರನು ಕಾಣಲಾರ. ಆದುದರಿಂದ ಅವನ ಓದೆಲ್ಲ ಕೀಲಿಮಣೆಯಿಂದಲೇ ನಡೆಯಬೇಕು. ಪಾಠದ ಟಿಪ್ಪಣಿಯ ನಡುವೆ ಇದ್ದ ವೀಡಿಯೊದೊಳಗೆ ಸಿಕ್ಕಿಕೊಂಡು, ಮುಂದಿನ ಸಾಲು ಬಾರದೆ, ಅವನು ಪಕ್ಕದವರನ್ನು ಕರೆದುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕಂಡಿದ್ದೇನೆ. ತಾನೇ ಓದಬಲ್ಲವನು ಇನ್ನೊಬ್ಬರ ಬಿಡುವಿಗೆ ಕಾಯಬೇಕಾಗುವುದು ಸಣ್ಣ ತೊಂದರೆಯೆಂದು ನನಗೆ ತೋರುವುದಿಲ್ಲ.

ಈಗ ಕಾರಣವನ್ನು ನೋಡೋಣ. ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ಭೀಮಾ ನದಿಗೆ ಕಟ್ಟಿದ ಬ್ಯಾರೇಜನ್ನು ನಮ್ಮಲ್ಲಿ ಹಲವರು ನೋಡಿದ್ದಾರೆ. ಯಾವ ಬಾಗಿಲು ತೆರೆದಿದೆಯೋ ಆ ಕಡೆಗೆ ನೀರು ಹರಿಯುತ್ತದೆ. ಯಾರ ಹೊಲ ಒಣಗಿದೆಯೆಂದು ನೀರು ವಿಚಾರಿಸುವುದಿಲ್ಲ. ಕೀಲಿಯ ಒತ್ತೂ ಹಾಗೆಯೇ. ಪರದೆಯ ಮೇಲೆ ಯಾವುದೇ ಕ್ಷಣದಲ್ಲಿ ಒಂದೇ ಒಂದು ವಸ್ತು ಕೀಲಿಮಣೆಯ ಮಾತನ್ನು ಆಲಿಸಲು ಸಿದ್ಧವಾಗಿರುತ್ತದೆ. ಇದಕ್ಕೆ ಫೋಕಸ್ ಎಂದು ಹೆಸರು. ಫೋಕಸ್ ಪುಟದ ಮೇಲಿದ್ದರೆ ಕೆಳಬಾಣವು ಪುಟವನ್ನು ಸರಿಸುತ್ತದೆ. ವೀಡಿಯೊದ ಮೇಲೆ ಒಮ್ಮೆ ಕ್ಲಿಕ್ ಮಾಡಿದೊಡನೆ, ಇಲ್ಲವೆ ಟ್ಯಾಬ್ ಕೀಲಿಯಿಂದ ಅದರೊಳಗೆ ಹೋದೊಡನೆ, ಫೋಕಸ್ ಅಲ್ಲಿಗೆ ವರ್ಗವಾಗುತ್ತದೆ. ಆಮೇಲೆ ಅದೇ ಬಾಣವು ವೀಡಿಯೊದ ಧ್ವನಿಗೆ ಸಲ್ಲುತ್ತದೆ. ಕೀಲಿ ಕೆಟ್ಟಿಲ್ಲ, ಗಣಕವೂ ಕೆಟ್ಟಿಲ್ಲ. ಒಡೆಯ ಬದಲಾಗಿದ್ದಾನೆ, ಅಷ್ಟೆ.

ಹಾಗಾದರೆ ಹೊರಗಿನ ಪುಟವು ಆ ಒತ್ತನ್ನು ಕೇಳಿಸಿಕೊಂಡು ತಾನೇ ಸರಿಯಬಾರದೇಕೆ? ಬೇರೊಂದು ತಾಣದ ವೀಡಿಯೊವನ್ನು ನಮ್ಮ ಪುಟದಲ್ಲಿ ತೋರಿಸುವಾಗ ಅದನ್ನು ಐಫ್ರೇಮ್ ಎಂಬ ಚೌಕಟ್ಟಿನೊಳಗೆ ಇಡುವುದು ವಾಡಿಕೆ. ಈ ಚೌಕಟ್ಟು ಮನೆಯೊಳಗೆ ಬಾಡಿಗೆಗೆ ಕೊಟ್ಟ ಕೋಣೆಯಂತೆ. ಅದರ ಒಳಗಿರುವುದು ಇನ್ನೊಂದು ಪೂರ್ಣ ಪುಟ. ಎರಡರ ತಾಣಗಳು ಬೇರೆಯಾಗಿದ್ದರೆ, ಒಳಗೆ ಒತ್ತಿದ ಕೀಲಿಯನ್ನು ಹೊರಪುಟದ ಲಿಪಿಯು ಆಲಿಸದಂತೆ ಬ್ರೌಸರ್ ಗೋಡೆ ಹಾಕುತ್ತದೆ. ಈ ಗೋಡೆ ನಮ್ಮ ರಕ್ಷಣೆಗಾಗಿಯೇ ಇದೆ. ಚೌಕಟ್ಟಿನೊಳಗೆ ನಾವು ಗುಪ್ತಪದವನ್ನು ಬರೆಯುತ್ತಿದ್ದರೆ ಹೊರಗಿನವನು ಅದನ್ನು ಕದ್ದು ಕೇಳಬಾರದಲ್ಲವೆ? ಆದುದರಿಂದ ಗೋಡೆಯನ್ನು ಕೆಡವುವುದು ಪರಿಹಾರವಲ್ಲ; ಬಾಗಿಲು ಎಲ್ಲಿದೆಯೆಂದು ತಿಳಿಯುವುದು ಪರಿಹಾರ.

ಈ ತೊಡಕಿಗೆ ದೀರ್ಘವಾದ ಇತಿಹಾಸವಿದೆ. ಹಿಂದೆ ವೀಡಿಯೊಗಳು ಫ್ಲ್ಯಾಶ್ ಮುಂತಾದ ಪ್ಲಗಿನ್‌ಗಳ ಮೂಲಕ ನಡೆಯುತ್ತಿದ್ದವು. ಅವು ಫೋಕಸನ್ನು ಪಡೆದ ಮೇಲೆ ಹೊಸ ಟ್ಯಾಬ್ ತೆರೆಯುವ ಕೀಲಿಗಳಂತಹ ಬ್ರೌಸರಿನ ಸ್ವಂತ ಆಜ್ಞೆಗಳನ್ನೂ ನುಂಗಿಬಿಡುತ್ತಿದ್ದವು. ಮೋಜಿಲ್ಲಾ ಯೋಜನೆಯ ದೋಷಪಟ್ಟಿಯಲ್ಲಿ 78414ನೆಯ ಸಂಖ್ಯೆಯಾಗಿ 2001ರಲ್ಲಿ ದಾಖಲಾದ ದೂರು ಇದನ್ನೇ ಕುರಿತದ್ದು. ಅಡೋಬಿ ಸಂಸ್ಥೆಯು 2020ರ ಡಿಸೆಂಬರ್ 31ರಂದು ಫ್ಲ್ಯಾಶಿಗೆ ನೀಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. 2014ರ ಅಕ್ಟೋಬರಿನಲ್ಲಿ ಪ್ರಮಾಣವೆಂದು ಅಂಗೀಕೃತವಾದ ಎಚ್‌ಟಿಎಂಎಲ್5ರಲ್ಲಿ ವೀಡಿಯೊ ಪುಟದ ಭಾಷೆಯ ಅಂಗವೇ ಆಗಿದೆ. ಬ್ರೌಸರಿನ ಸ್ವಂತ ಆಜ್ಞೆಗಳು ಈಗ ಬಹುಮಟ್ಟಿಗೆ ಸುರಕ್ಷಿತವಾಗಿವೆ. ಬಾಣ ಮತ್ತು ಸ್ಪೇಸ್ ಕೀಲಿಗಳ ಜಗಳ ಮಾತ್ರ ಉಳಿದುಕೊಂಡಿದೆ.

2008ರ ಡಿಸೆಂಬರ್ 11ರಂದು ಪ್ರಕಟವಾದ, ಜಾಲಪುಟಗಳ ಸುಗಮತೆಯನ್ನು ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿಯ 2.1.2ನೆಯ ನಿಯಮ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಕೀಲಿಮಣೆಯಿಂದ ಒಂದು ಭಾಗದೊಳಗೆ ಹೋಗಬಹುದಾದರೆ ಕೀಲಿಮಣೆಯಿಂದಲೇ ಹೊರಬರಲೂ ಸಾಧ್ಯವಾಗಬೇಕು ಎಂಬುದು ಅದರ ಸಾರಾಂಶ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ 42ನೆಯ ಪ್ರಕರಣವೂ ಮಾಹಿತಿ ತಂತ್ರಜ್ಞಾನವು ಎಲ್ಲರಿಗೂ ಎಟುಕುವಂತಿರಬೇಕೆಂದು ವಿಧಿಸುತ್ತದೆ.

ಓದುವವರು ಮಾಡಬೇಕಾದುದು ಇಷ್ಟು. ಕಣ್ಣುಳ್ಳವರು ವೀಡಿಯೊದ ಹೊರಗೆ, ಅಕ್ಷರಗಳಿರುವ ಜಾಗದಲ್ಲಿ ಒಮ್ಮೆ ಕ್ಲಿಕ್ ಮಾಡಿದರೆ ಸಾಕು, ಕೀಲಿಗಳು ಪುಟಕ್ಕೆ ಮರಳುತ್ತವೆ. ಮೌಸ್ ಇಲ್ಲದಿದ್ದರೆ ಟ್ಯಾಬ್ ಕೀಲಿಯನ್ನು ಒತ್ತುತ್ತ ಮುಂದಕ್ಕೆ, ಇಲ್ಲವೆ ಶಿಫ್ಟ್ ಹಿಡಿದು ಟ್ಯಾಬ್ ಒತ್ತುತ್ತ ಹಿಂದಕ್ಕೆ ಹೊರಬರಬಹುದು. ಎನ್‌ವಿಡಿಎ ಬಳಸುವವರು ಇನ್ಸರ್ಟ್ ಮತ್ತು ಸ್ಪೇಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಓದುವ ಸ್ಥಿತಿಗೆ ಮರಳುತ್ತಾರೆ. ಕಂಟ್ರೋಲ್ ಕೀಲಿಯನ್ನೂ ಸೇರಿಸಿ ಮೂರನ್ನೂ ಒತ್ತಿದರೆ ಹುದುಗಿದ ವಸ್ತುವಿನಿಂದ ಹೊರಪುಟಕ್ಕೆ ಬರುತ್ತಾರೆ. ಇದನ್ನು ಕಲಿತ ಮೇಲೆ ನನ್ನ ಮಿತ್ರನು ಪಕ್ಕದವರನ್ನು ಕರೆಯುವುದು ಬಹಳ ಕಡಿಮೆಯಾಗಿದೆ.

ಆದರೆ ಎಲ್ಲ ಹೊರೆಯನ್ನೂ ಓದುಗನ ಮೇಲೆ ಹಾಕುವುದು ನ್ಯಾಯವಲ್ಲ. ಟಿಪ್ಪಣಿಗಳನ್ನು ಜಾಲದಲ್ಲಿ ಹಾಕುವ ಅಧ್ಯಾಪಕರಲ್ಲಿಯೂ, ಮುಂದೆ ಪುಟಗಳನ್ನು ಕಟ್ಟಲಿರುವ ಸಹಪಾಠಿಗಳಲ್ಲಿಯೂ ನನ್ನ ವಿನಂತಿಯಿದು. ವೀಡಿಯೊ ತಾನಾಗಿಯೇ ಆರಂಭವಾಗುವಂತೆ ಇಡಬಾರದು. ಪ್ರತಿಯೊಂದು ಚೌಕಟ್ಟಿಗೂ ಅದರಲ್ಲಿ ಏನಿದೆಯೆಂದು ಹೇಳುವ ಶೀರ್ಷಿಕೆ ಕೊಡಬೇಕು. ಮೊದಲು ಒಂದು ಸ್ಥಿರಚಿತ್ರವನ್ನಿಟ್ಟು, ಬೇಕಾದವರು ಒತ್ತಿದಾಗ ಮಾತ್ರ ವೀಡಿಯೊ ತೆರೆಯುವಂತೆ ಮಾಡುವುದು ಉತ್ತಮ. ಎಲ್ಲಕ್ಕಿಂತ ಸುಲಭವಾದುದೆಂದರೆ ಹುದುಗಿಸದೆ ಕೊಂಡಿಯನ್ನಷ್ಟೇ ಕೊಡುವುದು. ಕೊನೆಗೆ ಮೌಸನ್ನು ಪಕ್ಕಕ್ಕಿಟ್ಟು, ತಾವು ಕಟ್ಟಿದ ಪುಟವನ್ನು ಮೊದಲಿನಿಂದ ಕಡೆಯವರೆಗೆ ಕೀಲಿಮಣೆಯಿಂದಲೇ ಒಮ್ಮೆ ಓದಿ ನೋಡಬೇಕು. ಐದು ನಿಮಿಷದ ಈ ಪರೀಕ್ಷೆಯಲ್ಲಿ ಎಡವುವ ಕಲ್ಲುಗಳು ಬಹುಪಾಲು ಕಂಡುಬರುತ್ತವೆ.

ವೀಡಿಯೊ ಪಾಠಕ್ಕೆ ಬಂದ ಅತಿಥಿ. ಅತಿಥಿಗೆ ಮಣೆ ಹಾಕೋಣ, ಆದರೆ ಮನೆಯ ಕೀಲಿಕೈ ಓದುವವನ ಬಳಿಯಲ್ಲಿಯೇ ಇರಲಿ.