ಪಡಸಾಲೆಗೆ ಬಂದ ಕುರ್ಚಿ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳೆಯ ಮಾಳಿಗೆಮನೆಯನ್ನು ಹೊಕ್ಕು ನೋಡಿದರೆ, ಪೀಠೋಪಕರಣಗಳೆನ್ನಬಹುದಾದ ವಸ್ತುಗಳು ಅಲ್ಲಿ ಬಹಳ ವಿರಳ. ಬಡತನವೊಂದೇ ಇದಕ್ಕೆ ಕಾರಣವೆಂದು ಭಾವಿಸಲಾಗದು. ಪೀಠೋಪಕರಣಗಳು ಮಾಡಬೇಕಾದ ಕೆಲಸವನ್ನು ಕಟ್ಟಡವೇ ಮಾಡುತ್ತಿತ್ತು. ಬಾಗಿಲ ಬದಿಯ ಕಟ್ಟೆ ಬಂದವರಿಗೆ ಆಸನ, ಗೋಡೆಯೊಳಗಿನ ಮಾಡವೇ ಕಪಾಟು, ಬಟ್ಟೆಗೆ ಗೂಟ, ಹಾಲುಮೊಸರಿಗೆ ಜಂತಿಯಿಂದ ಇಳಿಬಿಟ್ಟ ನೆಲುವು. ಬೆಳಗಾದೊಡನೆ ಹಗ್ಗದ ಹೊರಸನ್ನು ಗೋಡೆಗೆ ಒರಗಿಸಿಟ್ಟರೆ ಮಲಗುವ ತಾಣವೇ ಉಣ್ಣುವ ತಾಣವಾಗುತ್ತಿತ್ತು. ಸುಗ್ಗಿಯಲ್ಲಿ ಅಲ್ಲಿಯೇ ಜೋಳದ ಚೀಲಗಳನ್ನು ಒಟ್ಟುತ್ತಿದ್ದರು. ಹೊರಸಿನ ಹಗ್ಗ ಸಡಿಲಾದರೆ ಮನೆಯವರೇ ಬಿಗಿದುಕೊಳ್ಳುತ್ತಿದ್ದರು.

ವಸ್ತು ಹಗುರವಾಗಿರಬೇಕು, ಎತ್ತಿಡಲು ಸುಲಭವಾಗಿರಬೇಕು, ಬೇಡದ ಅಲಂಕಾರ ಇರಬಾರದು. ಯುರೋಪಿನ ಆಧುನಿಕ ವಿನ್ಯಾಸಕಾರರು ಅರಸಿದ ಗುಣಗಳೂ ಇವೇ ಆಗಿದ್ದವು. 1859ರಲ್ಲಿ ಮೈಕೇಲ್ ಥೋನೆಟ್ ಎಂಬಾತ ಮರವನ್ನು ಹಬೆಯಲ್ಲಿ ಬಾಗಿಸಿ ಒಂದು ಕುರ್ಚಿಯನ್ನು ರೂಪಿಸಿದನು. ಅದರ ಮರದ ಭಾಗಗಳು ಆರೇ ಆರು. ಬಿಚ್ಚಿಟ್ಟರೆ ಒಂದು ಘನಮೀಟರಿನ ಪೆಟ್ಟಿಗೆಯಲ್ಲಿ ಇಂಥ 36 ಕುರ್ಚಿಗಳು ಹಿಡಿಯುತ್ತಿದ್ದವು. ಜರ್ಮನಿಯ ಬೌಹೌಸ್ ಶಾಲೆಯ ಮಾರ್ಸೆಲ್ ಬ್ರೂಯರನಿಗೆ ಸೈಕಲ್ಲಿನ ಹಿಡಿಕೆಯೇ ಗುರುವಾಯಿತು. 1925ರ ಸುಮಾರಿಗೆ ಆತನು ಉಕ್ಕಿನ ಕೊಳವೆಯನ್ನು ಬಾಗಿಸಿ ಕುರ್ಚಿ ಮಾಡಿದನು. ಅಮೆರಿಕದ ಖ್ಯಾತ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಭಾರತವನ್ನು ಸಂಚರಿಸಿ 1958ರಲ್ಲಿ ಸರಕಾರಕ್ಕೆ ಒಂದು ವರದಿಯನ್ನು ಒಪ್ಪಿಸಿದರು. ಅದರಲ್ಲಿ ಅವರು ಮನಸಾರೆ ಮೆಚ್ಚಿದ ವಸ್ತು ಅರಮನೆಯ ಸಿಂಹಾಸನವಲ್ಲ, ನೀರಿನ ತಂಬಿಗೆ! ತಲೆಮಾರುಗಳ ಕೈಗಳು ಅದರ ಆಕಾರವನ್ನು ತಿದ್ದಿದ್ದವು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು.

ಆದರೆ ನಮ್ಮ ಪಡಸಾಲೆಗೆ ಆಧುನಿಕತೆಯ ಹೆಸರಿನಲ್ಲಿ ಬಂದದ್ದು ಹೆಚ್ಚಾಗಿ ಭಾರವಾದ ಸೋಫಾ. ಹತ್ತು ಅಡಿಯ ಕೋಣೆಯಲ್ಲಿ ಅದು ಒಮ್ಮೆ ನೆಲೆಯೂರಿದರೆ ಮತ್ತೆ ಕದಲುವುದಿಲ್ಲ. ಟೆಲಿವಿಷನ್ ಬಂದ ಮೇಲಂತೂ ಎಲ್ಲ ಆಸನಗಳೂ ಅದರ ಕಡೆಗೆ ಮುಖ ತಿರುಗಿಸಿದವು. ಎದುರುಬದುರು ಕುಳಿತು ಮಾತಾಡುವ ರೂಢಿ ಕುಗ್ಗಿತು. ಸೋಫಾಕ್ಕೆ ಬೆನ್ನು ಆನಿಸಿ ನೆಲದ ಮೇಲೆಯೇ ಕುಳಿತುಕೊಳ್ಳುವ ಹಿರಿಯರನ್ನು ಈಗಲೂ ಕಾಣಬಹುದು. ಗಾಜಿನ ಶೋಕೇಸಿಗೆ ಮಾತ್ರ ಈ ಸೀಮೆ ತನ್ನದೇ ಒಡವೆಯನ್ನು ಒದಗಿಸಿದೆ. ಗೋಕಾಕದ ಕುಶಲಕರ್ಮಿಗಳು ಹಗುರವಾದ ಮರದಲ್ಲಿ ಮಾಡಿ ಬಣ್ಣವಿಟ್ಟ ಹಣ್ಣುಕಾಯಿಗಳು ನಿಜವಾದವೆಂದು ಕೈಯನ್ನು ಸೆಳೆಯುತ್ತವೆ.

ಹಾಗೆಂದು ಕುರ್ಚಿಯನ್ನು ಹಳಿಯುವುದು ನ್ಯಾಯವಲ್ಲ. ಮೊಣಕಾಲು ನೋಯುವ ಮುದುಕರಿಗೆ ಅದು ಉಪಕಾರಿಯೇ ಸರಿ. ಅದಕ್ಕೂ ಮಿಗಿಲಾದ ಬದಲಾವಣೆ ನಡೆದದ್ದು ಅಡುಗೆಮನೆಯಲ್ಲಿ. 1926ರಲ್ಲಿ ಮಾರ್ಗರೇಟ್ ಶೂಟ್ಟೆ-ಲಿಹೋಟ್ಸ್ಕಿ ಎಂಬ ಮಹಿಳೆ, ಅಡುಗೆ ಮಾಡುವವರು ಇಡುವ ಹೆಜ್ಜೆಗಳನ್ನು ಲೆಕ್ಕಹಾಕಿ, ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮನೆಗಳಿಗಾಗಿ ಚಿಕ್ಕ ಅಡುಗೆಮನೆಯೊಂದನ್ನು ಯೋಜಿಸಿದಳು. ಒಲೆ, ನೀರು, ಪಾತ್ರೆ ಎಲ್ಲವೂ ಕೈಯಳತೆಯಲ್ಲಿ ಬಂದವು. ಹೊಗೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ರೊಟ್ಟಿ ಬೇಯಿಸುತ್ತಿದ್ದ ನಮ್ಮ ಹೆಂಗಸರನ್ನೂ ಇಂದಿನ ಅಡುಗೆಕಟ್ಟೆ ಎದ್ದು ನಿಲ್ಲಿಸಿದೆ. ಆದರೆ ರೊಟ್ಟಿ ಬಡಿಯಲು ತೋಳಿಗೆ ಮೇಲಿನಿಂದ ಬಲ ಬೇಕು. ಕಟ್ಟೆ ನಾಲ್ಕು ಬೆರಳು ಎತ್ತರವಾದರೂ ಹೆಗಲು ಸೋಲುತ್ತದೆ. ಆದುದರಿಂದ ಗೌಂಡಿಯು ಕಲ್ಲು ಕೂರಿಸುವ ಮೊದಲು ಅಳೆಯಬೇಕಾದದ್ದು ಅಲ್ಲಿ ನಿಂತು ರೊಟ್ಟಿ ಬಡಿಯುವವಳ ಮೊಣಕೈಯ ಎತ್ತರವನ್ನು.